ಇಳಿಸಿದ ತಂತಿಗಳು

ಬ್ಲಾಂಕಾ ಕುರ್ಚಿಯನ್ನು ಆರ್ಗನ್ನಿನ ಪಕ್ಕಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಮೇಳದ ನಿರ್ದೇಶಕ ಕುಬಿಷ್ತಾ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು.

"ನೀವು ಹಿಂದಿನ ಸಾಲಿಗೆ ಹೋಗ್ಬಿಡಿ, ಬ್ಲಾಂಕಾ. ಒಂಟಿ ಹಾಡಿಗೆ ಸಿಲ್ವಿಯೆ ನುಡಿಸ್ತಾಳೆ. ನನ್ನ ಶಿಷ್ಯೆ, ಬ್ರ್ನೋ ನಗರದಿಂದ ಕರ್ಸಿದೀನಿ."

"ಆ ಹಾಡಿಗೆ ಚೆಲ್ಲೋ ನಂದು ಅಂತ ನೀವೇ ಪತ್ರ ಬರೆದಿದ್ರಲ್ಲ."

"ಬರೆದಿದ್ದೆ. ಆದ್ರೆ ಸಂಜೆ ಊರೋರೆಲ್ಲ ಕೇಳೋಕೆ ಬರ್ತಾರೆ. ಬೇಜಾರು ಮಾಡ್ಕೋಬೇಡಿ."

ಹವ್ಯಾಸಿಗಳ ಈ ಒಂದು ದಿನದ ಬರೋಕ್ ಕಾಲದ ಹಳೆಯ ಸಂಗೀತದ ಶಿಬಿರಕ್ಕೆ ಅವಳು ಆರು ವರ್ಷಗಳಿಂದ ಬರುತ್ತಿದ್ದಳು. ಹಾಡುವವಳ ಜೊತೆಗೆ ಆರ್ಗನ್ ಮತ್ತು ದೊಡ್ಡ ಪಿಟೀಲಿನಂಥ ಚೆಲ್ಲೋ ಎರಡೇ ಇರುವ ಹಾಡು ಅವಳ ಪಾಲಿಗೆ ಬಂದದ್ದು ಇದೇ ಮೊದಲು. ದಿನವಿಡೀ ಔಷಧಿ ಅಂಗಡಿಯಲ್ಲಿ ನಿಂತು ಬಂದು, ಮೂರು ತಿಂಗಳು ಅದನ್ನೇ ನುಡಿಸಿದ್ದಳು. ಶಿಬಿರ ನಡೆಯುವ ಚರ್ಚಿನ ಹಳೆಯ ಆರ್ಗನ್ನಿನ ಶ್ರುತಿ ಅರ್ಧ ಸ್ವರ ಕೆಳಗೆ. ಅದಕ್ಕೆಂದೇ ಎಂಟು ದಿನ ಮೊದಲೇ ತಂತಿಗಳನ್ನು ಇಳಿಸಿ, ದಿನಾ ಬೆಳಿಗ್ಗೆ ಸರಿಮಾಡಿ, ವಾದ್ಯವನ್ನು ಪಳಗಿಸಿದ್ದಳು.

ಮಧ್ಯಾಹ್ನ ಬೆಳ್ಳುಳ್ಳಿ ಸೂಪಿನ ಮುಂದೆ ಆರ್ಗನ್ ನುಡಿಸುವ ಮುದುಕಿ ಜ್ದಿಸ್ಲಾವಾ ಎದುರಿಗೆ ಬಂದು ಕೂತಳು.

"ಏನೇ, ಬಾಯಿ ಹೊಲ್ಕೊಂಡ್ಬಿಟ್ಯಾ?"

"ನಾನು ಜಗಳ ಆಡೋಕೆ ಬಂದಿಲ್ಲ."

"ಮತ್ತೆ ಚಮಚ ಯಾಕೆ ಹಂಗೆ ಹಿಡ್ಕೊಂಡಿದೀಯ, ಚುಚ್ಚೋಳ ಥರ?"

ಊಟದ ನಂತರ ಒಂಟಿ ಹಾಡು ಶುರುವಾಯಿತು. ಸಿಲ್ವಿಯೆ ಚೆನ್ನಾಗಿಯೇ ನುಡಿಸುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕೂತ ಬ್ಲಾಂಕಾಳಿಗೂ ಅಲ್ಲವೆನ್ನಲು ಆಗಲಿಲ್ಲ. ಆದರೆ ಸಿಲ್ವಿಯೆ ತಂತಿ ಇಳಿಸಿದ್ದು ಆ ದಿನ ಬೆಳಿಗ್ಗೆ. ಆಗತಾನೇ ಇಳಿಸಿದ ತಂತಿ ನಿಂತಲ್ಲಿ ನಿಲ್ಲುವುದಿಲ್ಲ, ಹಳೆಯ ಬಿಗಿಗೇ ಮರಳಲು ನೋಡುತ್ತದೆ. ಒಂದು ಪುಟ ಮುಗಿಯುವುದರೊಳಗೆ ಚೆಲ್ಲೋದ ಶ್ರುತಿ ಮೇಲೇರಿತ್ತು. ಹಾಡುವವಳು ಯಾರನ್ನು ನಂಬುವುದೆಂದು ತಿಳಿಯದೆ ತೊದಲಿದಳು. ಶ್ರುತಿ ಸರಿಮಾಡಿದರು, ಮತ್ತೆ ಏರಿತು. ಮೂರನೆಯ ಸಲ ಜ್ದಿಸ್ಲಾವಾ ಕೈಗಳನ್ನು ಮಡಿಲಿಗೆ ಹಾಕಿಕೊಂಡಳು.

"ನನ್ನ ಆರ್ಗನ್ ಕೊಳವೆಗಳಿಗೆ ತಿರುಪು ಇಲ್ಲಪ್ಪ. ಮೇಲೆ ಬನ್ನಿ ಅಂದ್ರೆ ಬರಲ್ಲ."

ಕುಬಿಷ್ತಾರ ಕಣ್ಣು ಹಿಂದಿನ ಸಾಲಿಗೆ ಹೋಯಿತು. "ಬ್ಲಾಂಕಾ, ನಿಮ್ಮ ಚೆಲ್ಲೋ ಸ್ವಲ್ಪ ಸಿಲ್ವಿಯೆಗೆ ಕೊಡಿ."

ಬ್ಲಾಂಕಾ ಎದ್ದಳು, ಆದರೆ ವಾದ್ಯದ ಕುತ್ತಿಗೆಯನ್ನು ಬಿಡಲಿಲ್ಲ.

"ಇದು ಛತ್ರಿ ಅಲ್ಲ ಮೇಷ್ಟ್ರೇ, ಕೇಳಿದೋರಿಗೆಲ್ಲ ಕೊಡೋಕೆ. ಎಂಟು ದಿನ ಇದನ್ನ ಪಳಗಿಸಿದೋಳು ನಾನು. ನನ್ನ ಬಿಟ್ಟು ಇದು ಬರಲ್ಲ."

"ಅಯ್ಯೋ, ವಾದಕ್ಕೆ ಈಗ ಹೊತ್ತಿಲ್ಲ..."

"ಹಂಗಾದ್ರೆ ಬೇಗ ಹೇಳಿ."

ಕುಬಿಷ್ತಾ ಕೈಯಲ್ಲಿದ್ದ ಹಾಳೆಗಳನ್ನು ಜೋಡಿಸಿಕೊಂಡರು, ಮತ್ತೆ ಜೋಡಿಸಿಕೊಂಡರು. ಕೊನೆಗೆ ಸಿಲ್ವಿಯೆಯೇ ತನ್ನ ಚೆಲ್ಲೋ ಎತ್ತಿಕೊಂಡು ಎದ್ದು ನಿಂತಳು.

"ಕೂತ್ಕೊಳ್ಳಿ ಅಕ್ಕ."

ಬ್ಲಾಂಕಾ ಅವಳ ಮುಖ ನೋಡಲಿಲ್ಲ. ಕುರ್ಚಿ ಇನ್ನೂ ಬೆಚ್ಚಗಿತ್ತು. ಹಲಗೆಯ ನೆಲದಲ್ಲಿ ಸಿಲ್ವಿಯೆಯ ಚೆಲ್ಲೋದ ಬುಡದ ಮೊಳೆ ಕೊರೆದ ಹಸಿ ತೂತು ಕಾಣುತ್ತಿತ್ತು. ಅದರಿಂದ ಎರಡು ಬೆರಳು ಪಕ್ಕಕ್ಕೆ ಸರಿದು, ತನ್ನ ವಾದ್ಯದ ಮೊಳೆಯನ್ನು ಮರಕ್ಕೆ ಒತ್ತಿದಳು. ಜ್ದಿಸ್ಲಾವಾ ಮಡಿಲಿನಿಂದ ಕೈ ಎತ್ತಿ ಆರ್ಗನ್ನಿನ ಮೇಲಿಟ್ಟಳು.