ಹೊನ್ನಾವರದಲ್ಲಿ ಹತ್ತು ನಿಮಿಷ

ಥರ್ಮಾಕೋಲ್ ಡಬ್ಬಿ ಹಿಡಿದು ಬಸ್ಸು ಹತ್ತಿದವನನ್ನು ನಮ್ಮ ಕಡೆಯ ಜನ ಸುಮ್ಮನೆ ಬಿಡುವುದಿಲ್ಲ. "ಎಂತ ಮೀನೋ?" ಎಂದು ಕೇಳಲೇಬೇಕು. ಕುಮಟಾದಿಂದ ಭಟ್ಕಳಕ್ಕೆ ಒಂಬತ್ತು ದಿನ ಓಡಾಡಿದೆ, ದಿನಕ್ಕೊಬ್ಬರಾದರೂ ಕೇಳಿದರು. ಮೂರನೇ ದಿನ ಒಬ್ಬ ಮುಚ್ಚಳಕ್ಕೇ ಕೈ ಹಾಕಿದಾಗ ತಲೆ ಕೆಟ್ಟು, "ನನ್ನ ಹೆಂಡ್ತಿ ಹಾಲು, ಬೇಕಾ?" ಎಂದುಬಿಟ್ಟೆ. ಅವನು ಎದ್ದು ಹಿಂದಿನ ಸೀಟಿಗೆ ಹೋದ. ಪಾಪ, ಅವನದೇನು ತಪ್ಪು?

ಆದರೆ ನಾನು ಹೇಳಿದ್ದು ಸುಳ್ಳಲ್ಲ. ನರ್ಮದೆಗೆ ಏಳನೇ ತಿಂಗಳಲ್ಲೇ ಬಿಪಿ ಏರಿ, ಕುಮಟಾದಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಗಂಡು. ಒಂದು ಕಿಲೋ ನೂರು ಗ್ರಾಂ. ಮಿರ್ಜಾನದ ಗದ್ದೆಯಲ್ಲಿ ನಾನು ಬೆಳೆಯುವ ಮೊಗೆಕಾಯಿ ಇದಕ್ಕಿಂತ ಭಾರ. ಅವತ್ತೇ ಮಗುವನ್ನು ಆಂಬುಲೆನ್ಸಿನಲ್ಲಿ ಭಟ್ಕಳದ ಮಕ್ಕಳ ಆಸ್ಪತ್ರೆಗೆ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನರ್ಮದೆಯ ಬಿಪಿ ಇಳಿಯಲಿಲ್ಲ, ಹಾಸಿಗೆ ಬಿಟ್ಟು ಏಳಬಾರದು ಎಂದರು. ನನ್ನ ಅಮ್ಮ ಅವಳ ಹತ್ತಿರ ಉಳಿದಳು. ಹೆಂಡತಿ ಅಲ್ಲಿ, ಮಗ ಇಲ್ಲಿ, ನಾನು ಬಸ್ಸಿನಲ್ಲಿ.

ಮೊದಲೆರಡು ದಿನ ಹಾಲನ್ನು ಮೂಗಿನ ನಳಿಕೆಯಲ್ಲಿ ಹನಿಹನಿಯಾಗಿ ಕೊಟ್ಟರು. ಮೂರನೇ ದಿನ ಮಗುವಿನ ಹೊಟ್ಟೆ ಉಬ್ಬಿತು. ಕರುಳಿಗೆ ಸೋಂಕಾಗಿದೆ ಎಂದು ಹಾಲು ನಿಲ್ಲಿಸಿದರು. "ಆದ್ರೆ ತರೂದು ನಿಲ್ಲಿಸಬೇಡಿ, ತಾಯಿ ಹಾಲು ಬತ್ತಬಾರದು" ಎಂದರು ಡಾಕ್ಟರು. ಹಾಗಾಗಿ ನಾನು ದಿನಾ ಮೀನುಪೇಟೆಯಿಂದ ಐಸ್ ತಂದು, ಬಾಟಲಿಯನ್ನು ಅದರೊಳಗೆ ಹೂತು ಒಯ್ಯುತ್ತಿದ್ದೆ. ಅವರು ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಮಾರನೇ ಬೆಳಿಗ್ಗೆ ಚೆಲ್ಲುತ್ತಿದ್ದರು. ಸಂಜೆ ಕುಮಟಾಕ್ಕೆ ವಾಪಸಾದರೆ ನರ್ಮದೆಯದು ಒಂದೇ ಪ್ರಶ್ನೆ: "ಕುಡದ್ನಾ?"

"ಕುಡದ" ಎನ್ನುತ್ತಿದ್ದೆ. ನಿಜ ಹೇಳಿದರೆ ಅವಳ ಬಿಪಿ ಏರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ಅವಳ ಮುಖ ನೋಡುತ್ತ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಭಟ್ಕಳದಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಒಳಗೆ ಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಹೊರಗಿನ ಪ್ಲಾಸ್ಟಿಕ್ ಕುರ್ಚಿ. ಪಕ್ಕದ ಮಗುವಿನ ಕಡೆಯವರು ಮನೆಮಂದಿಯೆಲ್ಲ ಬರುತ್ತಿದ್ದರು. ತಮ್ಮ ನವಾಯತಿ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು, ಅಳುತ್ತಿದ್ದರು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ನನಗೂ ಒಂದು ಲೋಟ ಕೊಟ್ಟರು. ಚಹಾ ಕುಡಿಯುತ್ತಲೇ ಹೊಟ್ಟೆಕಿಚ್ಚುಪಟ್ಟೆ. ಅಳಬೇಕೆಂದರೂ ನನ್ನ ಪಕ್ಕದಲ್ಲಿ ನನ್ನವರು ಯಾರೂ ಇರಲಿಲ್ಲ.

ಎಂಟನೇ ದಿನ ಡಾಕ್ಟರು ಕರೆದು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನಾಳೆವರೆಗೆ ನೋಡುವ" ಎಂದರು. ಆ ಸಂಜೆ ಅಮ್ಮನನ್ನು ವಾರ್ಡಿನಿಂದ ಹೊರಗೆ ಕರೆದು ಅವಳೊಬ್ಬಳಿಗೇ ಹೇಳಿದೆ.

"ಹಂಗೇನಾರೂ ಆದ್ರೆ, ಹಾಲು ಬಚ್ಚಲಿಗೆ ಚೆಲ್ಬೇಡ ಗಣಪ. ಹಲಸಿನ ಬುಡಕ್ಕೆ ಹಾಕು" ಎಂದಳು.

ನಮ್ಮ ಕೇರಿಯಲ್ಲಿ ಹಾಲು ಕುಡಿಯುವ ಕೂಸು ತೀರಿಕೊಂಡರೆ ತಾಯಿಯ ಹಾಲನ್ನು ಹಾಗೆ ಹಲಸಿನ ಬುಡಕ್ಕೆ ಹಾಕುತ್ತಾರೆ. ಅದೇ ಕೂಸು ಅದೇ ಹೊಟ್ಟೆಗೆ ತಿರುಗಿ ಬರುತ್ತದೆಂಬ ನಂಬಿಕೆ. ಕೂಸಿಗೆ ಉಸಿರಿರುವ ತನಕ ಯಾರೂ ಹಾಗೆ ಮಾಡುವುದಿಲ್ಲ.

ಒಂಬತ್ತನೇ ದಿನ ಬಸ್ಸು ಹೊನ್ನಾವರ ಮುಟ್ಟುವುದರೊಳಗೆ ಆಸ್ಪತ್ರೆಯಿಂದ ಫೋನ್ ಬಂತು. "ಗಣಪ ಅವ್ರಾ? ಎಲ್ಲಿದ್ದೀರಿ? ಬೇಗ ಬನ್ನಿ." ಅಷ್ಟಕ್ಕೇ ಕಟ್ಟಾಯಿತು. ನಾನು ನಾಲ್ಕು ಸಲ ತಿರುಗಿ ಮಾಡಿದೆ, ಯಾರೂ ಎತ್ತಲಿಲ್ಲ. ಹೊನ್ನಾವರ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಹತ್ತು ನಿಮಿಷ" ಎಂದು ಕೂಗಿ ಚಹಾಕ್ಕೆ ಇಳಿದ. ನಾನೂ ಇಳಿದೆ. ಹಿಂದಿನ ಗಲ್ಲಿಯಲ್ಲಿ, ಯಾರದೋ ಕಂಪೌಂಡಿನ ಹೊರಗೆ ಒಂದು ಹಲಸಿನ ಮರವಿತ್ತು. ಡಬ್ಬಿ ಬಿಚ್ಚಿ, ಬಾಟಲಿಯ ಮುಚ್ಚಳ ತೆಗೆದು, ಪೂರ್ತಿ ಬುಡಕ್ಕೆ ಸುರಿದೆ. ಅಳು ಬರಲಿಲ್ಲ. ಹಗುರಾಯಿತು. ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡುತ್ತೇನೆ: ಇನ್ನು ಸುಳ್ಳು ಹೇಳಬೇಕಾಗಿಲ್ಲ ಎಂದು ನಿಜಕ್ಕೂ ಹಗುರಾಯಿತು.

ಬಸ್ಸು ಶರಾವತಿ ದಾಟಿತು, ಅಪ್ಸರಕೊಂಡದ ತಿರುವು ದಾಟಿತು. ಪ್ರವಾಸಕ್ಕೆ ಬಂದ ಹುಡುಗರು ಹತ್ತಿ ಗಲಾಟೆ ಮಾಡಿದರು. ನನಗೆ ಸಿಟ್ಟೂ ಬರಲಿಲ್ಲ. ನರ್ಮದೆಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸುತ್ತ ಕೂತಿದ್ದೆ.

ಐಸಿಯು ಬಾಗಿಲಲ್ಲಿ ನರ್ಸ್ ಪೂರ್ಣಿಮಾ ನನಗಾಗಿಯೇ ಕಾಯುತ್ತಿದ್ದಳು. ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ನಗುತ್ತಿದ್ದಳು.

"ಎಷ್ಟೊತ್ತು ಮಾರಾಯ್ರೇ! ಹೊಟ್ಟೆ ಇಳಿದದೆ, ಬೆಳಿಗ್ಗೆ ಕಕ್ಕ ಮಾಡಿದ. ಹಾಲು ಶುರು ಮಾಡುವಾ ಅಂದ್ರು ಡಾಕ್ಟರು. ಒಂದೇ ಎಮ್ಮೆಲ್. ತನ್ನಿ, ತನ್ನಿ."

ಅವಳೇ ಡಬ್ಬಿ ಇಸಿದುಕೊಂಡು ತೆರೆದಳು. ಐಸಿನ ನಡುವೆ ಖಾಲಿ ಬಾಟಲಿ.

"ಎಲ್ಲಿ?"

"ಚೆಲ್ಲಿ ಹೋತು" ಎಂದೆ.

ನಿನ್ನೆಯ ಹಾಲನ್ನು ಬೆಳಿಗ್ಗೆಯೇ ಚೆಲ್ಲಿಯಾಗಿತ್ತು. "ಪುಡಿ ಹಾಲು ಈ ಕರುಳಿಗೆ ಆಗೂದಿಲ್ಲ. ಬೇಗ ತರ್ಸಿ" ಎಂದು ಅವಳು ಒಳಗೆ ಹೋದಳು.

ಮೆಟ್ಟಿಲ ಮೇಲೆ ಕೂತು ನರ್ಮದೆಗೆ ಫೋನ್ ಮಾಡಿದೆ. ಜೋಡಿಸಿದ್ದ ಮಾತು ಯಾವುದೂ ಕೆಲಸಕ್ಕೆ ಬರಲಿಲ್ಲ. ಹೊಟ್ಟೆ ಉಬ್ಬಿದ್ದು, ಹಾಲು ನಿಲ್ಲಿಸಿದ್ದು, ನಾನು ದಿನಾ ಹೇಳಿದ ಸುಳ್ಳು, ಇವತ್ತಿನ ಫೋನು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ನಂಗೆ ಗೊತ್ತಿತ್ತು. ಕುಡದ ಕುಡದ ಅಂತಿದ್ರಿ, ಹ್ಯಾಂಗೆ ಕುಡದ ಅಂತ ಒಂದಿನನೂ ಹೇಳ್ಲಿಲ್ಲ. ನಿಮ್ಮತ್ರ ಕೇಳೂಕೆ ಹೆದ್ರಿಕೆ ಆಗಿ ಒಬ್ಳೇ ಬಾಯಿ ಮುಚ್ಕಂಡು ಹಾಲು ಹಿಂಡ್ತಿದ್ದೆ. ಇವತ್ತಿನ ಹಾಲು ಎಂತ ಮಾಡಿದ್ರಿ?"

"ಹಲಸಿನ ಬುಡಕ್ಕೆ..."

ಫೋನಿನೊಳಗೆ ಅವಳ ವಾರ್ಡಿನಲ್ಲಿ ಯಾರೋ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು.

"ನಾ ಇನ್ನೂ ಆಸೆ ಬಿಟ್ಟಿರ್ಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಆತು. ನೀವು ಅಲ್ಲೇ ಇರಿ. ನಂದೇ ಜವಾಬ್ದಾರಿ ಅಂತ ಡಾಕ್ಟರಿಗೆ ಸೈನ್ ಹಾಕಿ ಕೊಟ್ಟು, ಅತ್ತೆ ಜೊತಿಗೆ ಬಾಡಿಗೆ ಕಾರಲ್ಲಿ ನಾನೇ ಬತ್ತೆ" ಎಂದು ಫೋನ್ ಇಟ್ಟಳು.

ಮೊಣಕೈ ತನಕ ಕೈ ತೊಳೆದು ಒಳಗೆ ಹೋದೆ. ಪೂರ್ಣಿಮಾ ಗಾಜಿನ ಕಿಂಡಿ ತೆರೆದು, "ಮುಟ್ಟಿ, ಎಂತದೂ ಆಗೂದಿಲ್ಲ" ಎಂದಳು. ಬೆರಳು ಚಾಚಿದೆ. ಅವನು ಹಿಡಿದುಕೊಂಡ. ನರ್ಮದೆ ಬಂದು ಮುಟ್ಟಲು ಇನ್ನೂ ಎರಡು ಗಂಟೆಯಾದರೂ ಬೇಕಿತ್ತು. ಅಲ್ಲಿಯ ತನಕ ಅವನಿಗೆ ಇದ್ದವನು ನಾನೊಬ್ಬನೇ, ಅವನು ಸತ್ತನೆಂದು ಎಲ್ಲರಿಗಿಂತ ಮೊದಲು ಒಪ್ಪಿಕೊಂಡವನು.