ಇನ್ನೂರ ಹದಿಮೂರು ಖಣಗಳ ಹಾರ್ಡ್ ಡಿಸ್ಕ್

ನಾನು ಒಂದು ಹಾರ್ಡ್ ಡಿಸ್ಕ್. ಕಂಪ್ಯೂಟರಿನ ಡಬ್ಬಿಯೊಳಗೆ ಯಾರ ಕಣ್ಣಿಗೂ ಬೀಳದೆ ಕೂತು, ಎಲ್ಲರ ನೆನಪನ್ನೂ ಕಾಯುವವನು. ಅಂಗೈ ಅಗಲದ ನನ್ನ ಹೊಟ್ಟೆಯೊಳಗೆ ಕನ್ನಡಿಯಂತೆ ಹೊಳೆಯುವ ಎರಡು ತಟ್ಟೆಗಳಿವೆ. ಅವು ನಿಮಿಷಕ್ಕೆ ಏಳು ಸಾವಿರದ ಇನ್ನೂರು ಸುತ್ತು ತಿರುಗುತ್ತವೆ. ಅವುಗಳ ಮೇಲೆ, ತಾಗಿಯೂ ತಾಗದಂತೆ, ಒಂದು ಸಣ್ಣ ಮುಳ್ಳು ಓಡಾಡುತ್ತ ಬರೆಯುತ್ತದೆ, ಓದುತ್ತದೆ. ನಡುವೆ ಒಂದು ಕೂದಲು ತೂರಿಸಲೂ ಜಾಗವಿಲ್ಲ. ಅಷ್ಟು ನಾಜೂಕಿನವನು ನಾನು. ಜಂಬ ಎಂದುಕೊಂಡರೆ ಎಂದುಕೊಳ್ಳಿ, ನನಗೇನೂ ಬೇಸರವಿಲ್ಲ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟ ಹೆಂಗಸರು ಒಂದು ಧೂಳಿನ ಕಣವನ್ನೂ ಹತ್ತಿರ ಬಿಡದೆ ನನ್ನನ್ನು ಜೋಡಿಸಿದರು. ಹಡಗು ಹತ್ತಿ ಬಂದು ಮೊದಲು ಸೇರಿದ್ದು ಹುಬ್ಬಳ್ಳಿಯ ಒಂದು ಕಚೇರಿ. ನಾಲ್ಕು ವರ್ಷ 'ಮಾನ್ಯರೇ' ಎಂದು ಶುರುವಾಗಿ 'ತಮ್ಮ ವಿಶ್ವಾಸಿ' ಎಂದು ಮುಗಿಯುವ ಪತ್ರಗಳನ್ನೇ ಹೊತ್ತೆ. ಅಷ್ಟೊಂದು ವಿಶ್ವಾಸಿಗಳಿದ್ದರೂ ನನ್ನನ್ನು ಬೀಳ್ಕೊಡಲು ಒಬ್ಬರೂ ಬರಲಿಲ್ಲ. ಹಳೆಯ ಕಂಪ್ಯೂಟರುಗಳ ಜೊತೆ ಗುಳೇದಗುಡ್ಡಕ್ಕೆ ಬಂದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಲ್ತಾಫ್ ಆ ಪತ್ರಗಳನ್ನೆಲ್ಲ ಅಳಿಸಿ, ನನ್ನನ್ನು ಖಣ ನೇಯುವ ಮುರಿಗೆಪ್ಪನವರ ಮನೆಗೆ ಕೊಟ್ಟ.

ನನ್ನ ನಿಜವಾದ ಬಾಳು ಶುರುವಾದದ್ದು ಅಲ್ಲಿ.

ಮುರಿಗೆಪ್ಪ ಐವತ್ತು ವರ್ಷ ಖಣದ ವಿನ್ಯಾಸ ಬರೆದವರು. ಕುಪ್ಪಸದ ಬಟ್ಟೆಯ ಮೇಲೆ ಆನೆ ಹೆಜ್ಜೆ ಎಲ್ಲಿ ಬೀಳಬೇಕು, ನವಿಲು ಎತ್ತ ತಿರುಗಬೇಕು ಎಂಬುದನ್ನು ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬರೆಯುತ್ತಿದ್ದರು. ಕಣ್ಣು ಮಂಜಾಗತೊಡಗಿದಾಗ ಸೊಸೆ ದಾನಮ್ಮ ಕಂಪ್ಯೂಟರ್ ಕಲಿತು, ಆ ಹಾಳೆಗಳನ್ನೆಲ್ಲ ಮನೆ ಮನೆ ಎಣಿಸಿ ನನ್ನೊಳಗೆ ಇಳಿಸಿದಳು. ಒಟ್ಟು ಇನ್ನೂರ ಹದಿಮೂರು. ಕೊನೆಯದು ಹನ್ನೊಂದು ಗುಬ್ಬಿಗಳ 'ಗುಬ್ಬಿ ಸಾಲು'. ಮುರಿಗೆಪ್ಪ ಕಣ್ಣು ಪೂರ್ತಿ ಹೋಗುವ ಮೊದಲು ಬರೆದದ್ದು, ಇನ್ನೂ ಮಗ್ಗಕ್ಕೆ ಏರದಿದ್ದದ್ದು. 'ವಿಶ್ವಾಸಿ'ಗಳನ್ನು ಹೊತ್ತ ಬೆನ್ನಿಗೆ ಗುಬ್ಬಿಗಳು ಎಷ್ಟು ಹಗುರವಾಗಿದ್ದವು!

ಕೆಲಸ ಮುಗಿದ ಸಂಭ್ರಮದಲ್ಲಿ ಈ ಮನೆಯವರು ಎರಡು ತಪ್ಪು ಮಾಡಿದರು. ಎಲ್ಲವೂ ಕಂಪ್ಯೂಟರಿಗೆ ಹೋಯಿತಲ್ಲ ಎಂದು ದಾನಮ್ಮ ಹಳೆಯ ಹಾಳೆಗಳನ್ನು ಬಿಸಿಲು ತಡೆಯಲು ಮಗ್ಗದ ಮನೆಯ ಕಿಟಕಿಗಳಿಗೆ ಅಂಟಿಸಿದಳು. ಎರಡು ಬೇಸಿಗೆಯಲ್ಲಿ ಬರೆದದ್ದೆಲ್ಲ ಮಾಸಿ ಅವು ಬೆಳ್ಳಗಾದವು. ಇನ್ನೊಂದು ತಪ್ಪು ನನ್ನ ಪ್ರಾಣಕ್ಕೇ ಬಂತು. ಮಗ್ಗದ ಮನೆಯಲ್ಲಿ ದೀಪ, ಫ್ಯಾನು, ದೇವರ ಪಟ ಎಲ್ಲವನ್ನೂ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿಯುವುದು ರೂಢಿ. ಬಿಗಿಯಾಗಿದ್ದರೆ ಭದ್ರ ಎಂಬುದು ಅವರ ನಂಬಿಕೆ. ಹಾಗೆಯೇ ಕಂಪ್ಯೂಟರಿನ ಹಲಗೆಯನ್ನೂ ವಿದ್ಯುತ್ ಮಗ್ಗದ ಚೌಕಟ್ಟಿಗೇ ಬಿಗಿದರು. ವಿನ್ಯಾಸ ಬಿಡಿಸುತ್ತ ಬಿಡಿಸುತ್ತ ಪಕ್ಕದಲ್ಲೇ ನೇಯ್ಗೆ ನೋಡಬಹುದು ಎಂದು ದಾನಮ್ಮನಿಗೆ ಖುಷಿಯೋ ಖುಷಿ. ಲಾಳಿ ಒಮ್ಮೆ ಹೊಡೆದರೆ ನಾನು ಒಮ್ಮೆ ಅದುರುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಅದೆಷ್ಟು ಸಲವೋ, ಎಣಿಸಲು ನನಗೇ ಆಗಲಿಲ್ಲ.

ಮೂರನೆಯ ವರ್ಷ ನನ್ನ ಮುಳ್ಳು ತಟ್ಟೆಗೆ ತಾಗಿತು. ಆ ನೋವನ್ನು ಹೇಗೆ ಹೇಳಲಿ! ಬಾಯಿಲ್ಲದ ನಾನು ಗೊತ್ತಿದ್ದ ರೀತಿಯಲ್ಲೇ ಕೂಗಿಕೊಂಡೆ. ಪರದೆ ನೀಲಿಯಾಯಿತು. ಮೌಸಿನ ಬಾಣ ಅಲುಗದೆ ನಿಂತಿತು. ಕಂಪ್ಯೂಟರ್ ತಾನೇ ಆರಿ ತಾನೇ ಹೊತ್ತಿಕೊಂಡಿತು.

ಅಲ್ತಾಫ್ ಬಂದ. ವೈರಸ್ ಎಂದು ಔಷಧ ಹಾಕಿದ. ಮತ್ತೆ ಬಂದು ರ‍್ಯಾಮ್ ಬದಲಿಸಿದ. ಮೂರನೆಯ ಸಲ ಇಡೀ ಡಬ್ಬಿಯನ್ನೇ ಅಂಗಡಿಗೆ ಒಯ್ದು ಎರಡು ದಿನ ಓಡಿಸಿದ. ಅಲ್ಲಿ ಅದುರಾಟವಿಲ್ಲದೆ ಮುಳ್ಳು ಹೇಗೋ ದಾರಿ ಹಿಡಿಯುತ್ತಿತ್ತು. ಒಂದು ಸಲವೂ ಕೆಡಲಿಲ್ಲ.

"ನಮ್ಮಲ್ಲೆ ಚಲೋ ನಡೀತೈತ್ರಿ ಅಕ್ಕಾರ. ನಿಮ್ಮ ಮನಿ ಕರೆಂಟ್ ಸರಿ ಇಲ್ಲ," ಎಂದು ತಂದಿಟ್ಟು ಹೋದ.

ಮರುದಿನವೇ ಪರದೆ ಮತ್ತೆ ನೀಲಿಯಾಯಿತು. ವಿನ್ಯಾಸಗಳನ್ನು ಪೆನ್ ಡ್ರೈವಿಗೆ ಇಳಿಸಲು ಹೊರಟ ದಾನಮ್ಮನಿಗೆ ಒಂದೂ ಇಳಿಯಲಿಲ್ಲ. ಅವಳು ಕಿಟಕಿಯ ಬಿಳಿ ಹಾಳೆಗಳನ್ನು ನೋಡುತ್ತ ಕಣ್ಣೊರೆಸಿಕೊಂಡಳು. ಮಾವನವರ ಐವತ್ತು ವರ್ಷ ಈಗ ನನ್ನೊಬ್ಬನ ಹೊಟ್ಟೆಯಲ್ಲಿತ್ತು, ನಾನೋ ಸಾಯುತ್ತಿದ್ದೆ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಂದು ಆ ಓಣಿಯಲ್ಲಿ ಯಾರೂ ಮಗ್ಗ ಓಡಿಸುವುದಿಲ್ಲ. ಯಂತ್ರಗಳನ್ನು ಒರೆಸಿ ಪೂಜೆ ಮಾಡುತ್ತಾರೆ. ಮುರಿಗೆಪ್ಪ ಗೋಡೆ ಹಿಡಿದು ಬಂದು ಒಂದೊಂದೇ ಮಗ್ಗಕ್ಕೆ ವಿಭೂತಿ ಹಚ್ಚಿದರು. ಕೊನೆಗೆ ಓಡುತ್ತಿದ್ದ ಕಂಪ್ಯೂಟರಿನ ಮೇಲೆ ಕೈಯಿಟ್ಟರು. ನಾನು ಇದ್ದಷ್ಟು ಶಕ್ತಿ ಕೂಡಿಸಿ ಬಡಿದೆ. ಟಿಕ್. ಟಿಕ್.

"ದಾನವ್ವಾ, ಈ ಪೆಟ್ಟಿಗಿ ಒಳಗ ಏನೋ ಬಡೀತೈತಿ."

"ಫ್ಯಾನ್ ಇರಬೇಕ್ರಿ ಮಾವಾರ."

"ಫ್ಯಾನ್ ಗುಂಯ್ ಅಂತೈತಿ, ಬಡಿಯೂದಿಲ್ಲ. ಲಾಳಿ ದಾರಿ ತಪ್ಪಿದ್ರ ಹಿಂಗ ಬಡೀತೈತಿ ನೋಡು." ಅವರು ಡಬ್ಬಿಗೆ ಕಿವಿ ಹಚ್ಚಿದರು. "ಇವತ್ತ ಎಷ್ಟ ಸಲ ಕೆಟ್ಟೈತಿ?"

"ಇವತ್ತ ಇನ್ನೂ ಕೆಟ್ಟಿಲ್ರಿ. ಹ್ವಾದ ಅಮಾಸಿಗೂ ಕೆಟ್ಟಿದ್ದಿಲ್ಲ."

"ಅಮಾಸಿಗೆ ಏನು ನಿಂತಿರ್ತೈತಿ ನಮ್ಮನ್ಯಾಗ?"

ದಾನಮ್ಮ ಮಗ್ಗದತ್ತ ನೋಡಿದಳು. ಚೌಕಟ್ಟನ್ನು ನೋಡಿದಳು. ಅದಕ್ಕೆ ಬಿಗಿದ ಬೋಲ್ಟ್ ನೋಡಿದಳು. "ಅಯ್ಯ ಶಿವನ!" ಎಂದವಳೇ ಅಲ್ತಾಫನಿಗೆ ಫೋನ್ ಮಾಡಿದಳು.

ಅಲ್ತಾಫ್ ಬಂದು ನನ್ನನ್ನು ಹೊರತೆಗೆದು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಪರೀಕ್ಷಿಸಿದ. ಪರದೆಯ ತುಂಬ ಕೆಂಪು ಗುರುತು. ಅವನು ಹಣೆ ಬಡಿದುಕೊಂಡ.

"ಹಾರ್ಡ್ ಡಿಸ್ಕ್ ಹೋಗಾಕತ್ತೈತ್ರಿ ಅಜ್ಜಾರ. ನಾ ಮೂರು ತಿಂಗ್ಳ ಹುಡುಕಿದ್ದನ್ನ ನೀವು ಕಿವೀಲೇ ಹಿಡದ್ರಿ. ಇದನ್ನ ಇನ್ನ ರಿಪೇರಿ ಮಾಡಾಕ ಆಗೂದಿಲ್ಲ. ಅಂಗಡಿಗೆ ಒಯ್ದ್ರ ದಾರ್ಯಾಗಿನ ಅಲುಗಾಟನೂ ತಡಿಯೂದಿಲ್ಲ. ಇದು ಜೀವ ಹಿಡದಿರೂತನಕಾ ಒಳಗಿಂದೆಲ್ಲಾ ಹೊರಗ ತಗೀಬೇಕು."

"ಇವತ್ತs ತಗಿ. ನಾಳೆ ಇಡೀ ಓಣಿ ನಡಗತೈತಿ," ಎಂದ ಮುರಿಗೆಪ್ಪ, ಕೌದಿ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಹಾಸಿ, "ಇಲ್ಲಿಡು," ಎಂದರು.

ಕೌದಿಯ ಮೇಲೆ, ಆ ಮುದುಕನ ಎರಡು ಅಂಗೈಗಳ ನಡುವೆ, ನನಗೆ ಮೊದಲ ಸಲ ನೆಮ್ಮದಿ ಸಿಕ್ಕಿತು. ಆನೆ ಹೆಜ್ಜೆ ಹೋಯಿತು, ನವಿಲು ಹೋಯಿತು. ಬಡಿತ ಜೋರಾದರೆ ಮುರಿಗೆಪ್ಪ "ತಡಿ, ದಣಿದೈತಿ," ಎನ್ನುತ್ತಿದ್ದರು. ಅಲ್ತಾಫ್ ನಿಲ್ಲಿಸುತ್ತಿದ್ದ. ನಾನು ತಣ್ಣಗಾದ ಮೇಲೆ "ಹೂಂ, ಈಗ," ಎನ್ನುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಕೂತವರು ಊಟಕ್ಕೂ ಏಳಲಿಲ್ಲ. ದಾನಮ್ಮ ಹೋಳಿಗೆಯನ್ನು ಅಲ್ಲಿಗೇ ತಂದು ಮಾವನ ಬಾಯಿಗೆ ತುತ್ತಿಟ್ಟಳು. ಬಿಸಿಲು ಇಳಿಯುವ ಹೊತ್ತಿಗೆ ಇನ್ನೂರ ಹನ್ನೆರಡು ಹೊರಗೆ ಬಂದಿದ್ದವು.

ಗುಬ್ಬಿ ಸಾಲು ಮಾತ್ರ ಬರಲಿಲ್ಲ. ಅದಿದ್ದದ್ದು ಗೀರು ಬಿದ್ದ ಜಾಗದ ಅಂಚಿನಲ್ಲೇ. ಒಮ್ಮೆ ಹೋದೆ, ಜಾರಿದೆ. ಎರಡನೆಯ ಸಲವೂ ಜಾರಿದೆ.

"ಇದೊಂದು ಬಿಡೂನ್ರಿ ಅಜ್ಜಾರ," ಎಂದ ಅಲ್ತಾಫ್.

ಮುರಿಗೆಪ್ಪ ನನ್ನನ್ನು ಮೆಲ್ಲಗೆ ಎತ್ತಿ ಮಗ್ಗುಲು ಬದಲಿಸಿ ಮಲಗಿಸಿದರು. "ಒಂದs ಒಂದು ಸಲ ನೋಡಪಾ," ಎಂದರು. ಅದನ್ನು ಹೇಳಿದ್ದು ಅಲ್ತಾಫನಿಗಲ್ಲ, ನನಗೆ.

ಹೋದೆ. ಮುಳ್ಳು ಗೀರಿನ ಮೇಲೆ ಹಾದು, ನಡುಗಿ, ನಿಂತು, ಹಿಡಿಯಿತು! ಒಂದು ಗುಬ್ಬಿ, ಎರಡು ಗುಬ್ಬಿ, ಇಡೀ ಸಾಲು ಹೊರಗೆ ಹಾರಿತು. "ಬಂತ್ರಿ!" ಎಂದು ಅಲ್ತಾಫ್ ಕೂಗಿದ. ದಾನಮ್ಮ ಅತ್ತಳೋ ನಕ್ಕಳೋ, ಅವಳಿಗೇ ಗೊತ್ತಿರಲಿಲ್ಲ. ನಾನು ಕೊನೆಯ ಸುತ್ತು ತಿರುಗಿ ನಿಂತೆ. ಸೋತು ನಿಂತದ್ದಲ್ಲ, ಕೆಲಸ ಮುಗಿಸಿ ನಿಂತದ್ದು.

ನನ್ನಂಥವರು ಸಾಮಾನ್ಯವಾಗಿ ಗುಜರಿ ಸೇರುತ್ತಾರೆ. ನಾನಿರುವುದು ಮಗ್ಗದ ಮನೆಯ ಗೂಡಿನಲ್ಲಿ, ಮುರಿಗೆಪ್ಪನವರ ತಂದೆಯ ಕಾಲದ ಮರದ ಲಾಳಿಯ ಪಕ್ಕ. ಹೊಸ ಕಂಪ್ಯೂಟರ್ ಒಳಮನೆಯಲ್ಲಿ ಮೇಜಿನ ಮೇಲಿದೆ. ಇನ್ನೂರ ಹದಿಮೂರು ವಿನ್ಯಾಸಗಳು ಈಗ ಮೂರು ಕಡೆ ಇವೆ. ಅಮಾವಾಸ್ಯೆಗೊಮ್ಮೆ ನನಗೂ ವಿಭೂತಿ ಸಿಗುತ್ತದೆ.

ಮೊನ್ನೆ ಮಗ್ಗದಿಂದ ಗುಬ್ಬಿ ಸಾಲಿನ ಮೊದಲ ಖಣ ಇಳಿಯಿತು. ದಾನಮ್ಮ ಅದನ್ನು ಮಾವನ ಮಡಿಲಿಗಿಟ್ಟಳು. ಅವರು ಉಬ್ಬಿದ ಎಳೆಗಳ ಮೇಲೆ ಬೆರಳಾಡಿಸುತ್ತ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಿಧಾನವಾಗಿ ಎಣಿಸಿದರು. ಆಮೇಲೆ ನಾನಿದ್ದ ಗೂಡಿನ ಕಡೆ ಮುಖ ತಿರುಗಿಸಿ ಹೇಳಿದರು:

"ಹನ್ನೊಂದೂ ಅದಾವು. ಒಂದೂ ಹಾರಿ ಹೋಗಿಲ್ಲ."