ಶಂಕರನ ಪೇಡಿ

ಹನ್ನೊಂದು ಗಂಟೆಗೆ ಇನ್ನು ಆರು ನಿಮಿಷ ಇರುವಾಗ ಚೆಲುವರಾಜು ಆನೆಯನ್ನು ಕಂಡ. ಮೊದಲು ಕಂಡದ್ದು ಬಿದಿರುಮೆಳೆಯೊಳಗೆ ಬೀಸಿದ ಒಂದು ಕಿವಿ. ಆಮೇಲೆ ದೊಡ್ಡ ಕಾಲುಗಳ ನಡುವೆ ನಾಲ್ಕು ಸಣ್ಣ ಕಾಲು. ಮರಿಯಾನೆ.

ರಸ್ತೆಯ ತನಕ ಹೋಗಿ ಇನ್ನೆರಡು ಮಚ್ಚು ತಂದಿದ್ದ. ಈಗ ನಿಂತಿದ್ದದ್ದು ಹೊಸ ದಾರಿಯ ತಿರುವಿನಲ್ಲಿ, ಬಾಳೆಲೆ ಮುಚ್ಚಿಟ್ಟ ಚಹಾ ಪಾತ್ರೆಯ ಪಕ್ಕ. ಮುಂದೆ ಮೆಳೆ. ಮೆಳೆಯ ಮೈಗೆ ಮೈ ಉಜ್ಜಿಕೊಂಡೇ ದಾರಿ ಹೋಗುತ್ತಿತ್ತು. ಅದರಾಚೆ, ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಯುವಜನ ಸಂಘದ ಹದಿನಾಲ್ಕು ಜನ ಪೊದೆ ಕಡಿಯುತ್ತಿದ್ದರು.

ಹನ್ನೊಂದಕ್ಕೆ ಸರಿಯಾಗಿ ಆ ತುದಿಯಲ್ಲಿ ಶಂಕರ ಸೀಟಿ ಊದುತ್ತಾನೆ. ಸೀಟಿ ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹದಿನಾಲ್ಕು ಜನವೂ ಚಾಯಕ್ಕೆ ಓಡಿ ಬರಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. ಈ ನಿಯಮ ಮಾಡಿದವನು ಸಂಘದ ಸೆಕ್ರೆಟರಿ ಚೆಲುವರಾಜುವೇ.

ವಯನಾಡು ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಕಚೇರಿಯಿಂದ ಯಾರಾದರೂ ಜೀಪಿನಲ್ಲಿ ಬಂದು ನೋಡುವುದರೊಳಗೆ ಮುಳ್ಳನ್‌ಕೊಲ್ಲಿಯ ಅಂಚಿನ ಈ ಕಾಲೊನಿಗೆ ದಾರಿಯಾಗಬೇಕೆಂಬ ಹುಚ್ಚು ಅವನಿಗೆ. ಕಲ್ಪೆಟ್ಟದ ಯುವಜನ ಶಿಬಿರದಲ್ಲಿ ಮೂರು ದಿನ ಕೂತು ಬಂದಿದ್ದ. ಅಲ್ಲಿ ಹೇಳಿಕೊಟ್ಟ ಹತ್ತಾರು ಮಾತುಗಳಲ್ಲಿ ಅವನ ತಲೆಯಲ್ಲಿ ನಿಂತದ್ದು ಶಿಸ್ತು ಒಂದೇ. ಜನ ಕೂಲಿಯಿಲ್ಲದೆ ಬರುತ್ತಿದ್ದರು, ಬೈದರೂ ಬರುತ್ತಿದ್ದರು. ಅದನ್ನು ಅವನು ತನ್ನ ಸಾಮರ್ಥ್ಯವೆಂದೇ ತಿಳಿದಿದ್ದ.

ಇನ್ನು ಐದು ನಿಮಿಷ. ಕೂಗಿದರೆ ಆನೆ ಯಾವ ಕಡೆ ತಿರುಗುತ್ತದೋ. ಕೂಗದಿದ್ದರೆ ಸೀಟಿ.

ಸೀಟಿ ಊದುವುದನ್ನು ಶಂಕರ ಮರೆತರೂ ಮರೆಯಬಹುದು ಎಂದು ಒಂದು ಕ್ಷಣ ಆಸೆಯಾಯಿತು. ಆದರೆ ಇವತ್ತು ಅವನು ಮರೆಯುವುದು ಸಾಧ್ಯವೇ ಇರಲಿಲ್ಲ. ನಿನ್ನೆ ಮೆಳೆಯ ಹತ್ತಿರ ಹಸಿ ಲದ್ದಿ ಕಂಡು ಶಂಕರ ಕೆಲಸ ನಿಲ್ಲಿಸಿದ್ದ.

"ಅಣ್ಣಾ, ಇಲ್ಲಿ ಬೇಡ. ನನಗೆ ಪೇಡಿ ಆಯ್ತದೆ," ಅಂದಿದ್ದ. ಮಲಯಾಳದ ಪೇಡಿ ಅಂದರೆ ಹೆದರಿಕೆ. ಕಾಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವನು ಹೆದರಿಕೆ ಅಂದರೆ ಕಿವಿಗೊಡಬೇಕಿತ್ತು. ಚೆಲುವರಾಜು ಎಲ್ಲರ ಕಡೆ ತಿರುಗಿ ನಕ್ಕಿದ್ದ.

"ಪೇಡಿ ಅಲ್ಲಪ್ಪಾ, ನಮ್ಮ ಕನ್ನಡದಲ್ಲಿ ಅದಕ್ಕೆ ಹೇಡಿ ಅಂತಾರೆ."

ಎಲ್ಲರೂ ನಕ್ಕರು. ಸಂಜೆವರೆಗೂ ಶಂಕರನನ್ನು ಹೇಡಿ ಎಂದೇ ಕರೆದರು. ಹೇಡಿ, ನೀರು ತಾ. ಹೇಡಿ, ಹಗ್ಗ ಹಿಡಿ. ಶಂಕರ ನೀರು ತಂದ, ಹಗ್ಗ ಹಿಡಿದ.

ಗಡಿಯಾರದ ಮುಳ್ಳು ಹನ್ನೊಂದಕ್ಕೆ ಬಂತು. ಬಿದಿರೊಂದು ಲಟಕ್ಕನೆ ಮುರಿಯಿತು. ಸೀಟಿ ಕೇಳಲಿಲ್ಲ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಮಚ್ಚಿನ ಸದ್ದೂ ಇಲ್ಲ, ಮನುಷ್ಯರ ಸದ್ದೂ ಇಲ್ಲ. ಸೀಟಿಗಿಂತ ಈ ಮೌನಕ್ಕೇ ಅವನು ಹೆಚ್ಚು ಹೆದರಿದ. ಅಷ್ಟೂ ಜನ ಎಲ್ಲಿ ಹೋದರು?

ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ಇನ್ನೇನು ಕಿರುಚಬೇಕು, ಅಷ್ಟರಲ್ಲಿ ಒದ್ದೆ ಕೈಯೊಂದು ಬಾಯಿ ಮುಚ್ಚಿತು. ಕೆಂಪಿ. ಸಂಘದಲ್ಲಿ ಹೇಳದೆ ಕೇಳದೆ ಎದ್ದುಹೋಗುವವಳು ಅವಳೊಬ್ಬಳೇ. ಹೋದ ವಾರ ಅವಳ ಹೆಸರು ತೆಗೆದುಹಾಕುತ್ತೇನೆಂದು ಹೆದರಿಸಿದ್ದ.

"ವಾಸನೆ ಬಂತು," ಅವಳು ಪಿಸುಗುಟ್ಟಿದಳು. "ಎಲ್ಲರನ್ನೂ ತೋಡಿನಲ್ಲಿ ಇಳಿಸಿ, ನೀರಲ್ಲೇ ನಡೆಸಿ, ದೇವಯ್ಯನ ಕಾಫಿತೋಟಕ್ಕೆ ಹತ್ತಿಸಿದೆ."

"ಎಲ್ಲರೂ ಬಂದ್ರಾ?"

"ಶಂಕರ ಬರಲಿಲ್ಲ."

"ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀಯಲ್ಲಣ್ಣ! ಕಲ್ಲಿನ ಮೇಲೆ ಕೂತವ್ನೆ. ಓಡಿದ್ರೆ ನಾಳೆ ಮತ್ತೆ ಹೇಡಿ ಅಂತೀರಿ, ಸೆಕ್ರೆಟ್ರಿ ಬಂದು ಕರೀಲಿ ಅಂತಾನೆ. ವಿಸಿಲು ಊದಿಗೀದಿಯಾನು ಅಂತ ಅದನ್ನ ಕಿತ್ಕೊಂಡು ಬಂದೆ."

"ನೀನೇ ಇನ್ನೊಂದ್ಸಲ ಹೋಗು ಕೆಂಪಿ. ನಾನು ಹೇಳಿದೆ ಅಂತ ಹೇಳು."

ಕೆಂಪಿ ಅವನ ಮುಖವನ್ನೇ ನೋಡಿದಳು. "ಎರಡು ಸಲ ಹೋಗಿ ಬಂದೆ. ನಾನು ಹೇಳಿದ್ರೆ ಆಗಲ್ಲ."

ತೋಡಿನ ನೀರು ಮೊಣಕಾಲಿಗೆ ಬರುತ್ತಿತ್ತು. ಚೆಲುವರಾಜು ಎರಡೂ ದಂಡೆಯ ಬೇರು ಹಿಡಿದು ಬಗ್ಗಿಕೊಂಡು ನಡೆದ. ಒಂದು ಕಡೆ ದಂಡೆ ತೀರ ತಗ್ಗು. ಅಲ್ಲಿ ಆನೆಯ ಹೊಟ್ಟೆಯೊಳಗಿನ ಗುಡುಗುಡು ಅವನಿಗೆ ಕಿವಿಯಿಂದ ಕೇಳಿಸಲಿಲ್ಲ, ಎದೆಗೂಡಿನಲ್ಲಿ ಕೇಳಿಸಿತು. ವಾಪಸ್ಸು ಹೋಗಿ ಶಂಕರನೇ ಬರಲಿಲ್ಲವೆಂದು ಹೇಳಿದರೆ ಯಾರು ಕೇಳುತ್ತಾರೆ ಎಂಬ ಯೋಚನೆ ಬಂತು. ಆ ಯೋಚನೆ ಬಂದದ್ದಕ್ಕೇ ಇನ್ನಷ್ಟು ಹೆದರಿದ. ಆದರೂ ಕಾಲು ಮುಂದಕ್ಕೇ ಹೋಗುತ್ತಿತ್ತು.

ಶಂಕರ ಕಲ್ಲಿನ ಮೇಲೆ ನೆಟ್ಟಗೆ ಕೂತಿದ್ದ. ಅಂಗಿ ಬೆವರಿನಲ್ಲಿ ಮೈಗಂಟಿತ್ತು. ಮರಿಯಾನೆ ಮೆಳೆ ಬಿಟ್ಟು ದಾರಿಗೆ ಬಂದು, ಬಿದ್ದಿದ್ದ ಹಗ್ಗವನ್ನು ಸೊಂಡಿಲಿನಿಂದ ಎತ್ತಿ ಎತ್ತಿ ಬಿಡುತ್ತಿತ್ತು. ತಾಯಿಯ ತಲೆ ಮೆಳೆಯಿಂದ ಅರ್ಧ ಹೊರಗೆ ಬಂದಿತ್ತು.

"ಬಂದ್ಯಾ ಅಣ್ಣ?" ಶಂಕರನ ದನಿಯಲ್ಲಿ ಕುಹಕವಿರಲಿಲ್ಲ. "ನಾನು ಎದ್ದು ಓಡಲಿಲ್ಲ, ನೋಡು."

ತಪ್ಪಾಯ್ತು ಎನ್ನಬೇಕೆಂದು ಚೆಲುವರಾಜು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ. ಈಗ ಅದರ ಬದಲು ಕೈ ಚಾಚಿದ. ಆ ಕೈ ತರತರ ನಡುಗುತ್ತಿತ್ತು. ಶಂಕರ ಅದನ್ನು ಸ್ವಲ್ಪ ಹೊತ್ತು ನೋಡಿದ. ಹಿಡಿದುಕೊಂಡು ಎದ್ದ.

"ಹಿಂದೆ ನೋಡಬೇಡ," ಅಂದ. "ನಾನು ಮೆಟ್ಟಿದ ಕಲ್ಲನ್ನೇ ಮೆಟ್ಟು."

ನೀರಿಗಿಳಿದ ಮೇಲೆ ತಾಯಿ ಘೀಳಿಟ್ಟಿತು. ನೆಲ ಅದುರಿತು. ಬಿದಿರು ಪಟಪಟ ಒಡೆಯುವ ಸದ್ದು ಹತ್ತಿರ ಬಂತು. ತಮ್ಮ ಕಡೆಗೋ, ಮರಿಯ ಕಡೆಗೋ? ಚೆಲುವರಾಜು ತಿರುಗಿ ನೋಡಲಿಲ್ಲ. ಮುಂದಿದ್ದ ಹಿಮ್ಮಡಿ ಎಲ್ಲಿ ಊರಿತೋ ಅಲ್ಲೇ ತನ್ನದನ್ನೂ ಊರುತ್ತಾ ಹೋದ. ಒಮ್ಮೆ ಜಾರಿದ. ಶಂಕರ ಎಳೆದು ನಿಲ್ಲಿಸಿದ. ಸದ್ದು ದಂಡೆಯ ಮೇಲೆ ನಿಂತಿತು, ದೊಡ್ಡದೊಂದು ಉಸಿರು ಬಿಟ್ಟಿತು, ಅಲ್ಲಿಂದ ಮುಂದೆ ಬರಲಿಲ್ಲ.

ಕಾಫಿತೋಟದ ಏರಿಯ ಮೇಲೆ ಉಳಿದವರೆಲ್ಲ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಸಾಲಾಗಿ ನಿಲ್ಲಿ ಎಂದು ಯಾರೂ ಹೇಳಲಿಲ್ಲ. ಕೆಂಪಿ ತಾನೇ ಬೆರಳು ಮಡಚಿ ಎಣಿಸಿದಳು.

"ಕೈ ಬಿಡಣ್ಣ," ಶಂಕರ ಮೆಲ್ಲಗೆ ಹೇಳಿದ. "ನೋಯ್ತದೆ."

ಬಿಟ್ಟಿದ್ದೇನೆಂದೇ ಚೆಲುವರಾಜು ಅಂದುಕೊಂಡಿದ್ದ. ಬಗ್ಗಿ ನೋಡಿದರೆ ಅವನ ಉಗುರು ಶಂಕರನ ಅಂಗೈಯಲ್ಲಿ ಊರಿ ರಕ್ತ ಜಿನುಗುತ್ತಿತ್ತು. ಬೆರಳು ತೆರೆಯಲು ನೋಡಿದ, ಆಗಲಿಲ್ಲ. ಕೆಂಪಿ ಎದ್ದು ಬಂದು ಒಂದೊಂದಾಗಿ ಬಿಡಿಸಬೇಕಾಯಿತು.